ಲೇಸು ಯಾರಿಗೆ?

ನೂಲಿನಿಂದ ಹೆಣೆದ ಜಾಲರಿಯಂಚಿಗೆ ಇಂಗ್ಲಿಷಿನಲ್ಲಿರುವ ಹೆಸರು ಕನ್ನಡದ ಬಾಯಿಗೆ ಬಂದಾಗ ಕೊನೆಗೊಂದು ಸ್ವರವನ್ನು ಸೇರಿಸಿಕೊಂಡು ‘ಲೇಸು’ ಎಂದಾಯಿತು. ಒಳ್ಳಿತು, ಹಿತ ಎಂಬರ್ಥದ ಲೇಸು ಕನ್ನಡದಲ್ಲಿ ಬಹು ಪ್ರಾಚೀನವಾದುದು. ಶಬ್ದಶಾಸ್ತ್ರದ ದೃಷ್ಟಿಯಿಂದ ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಧರ್ಮವಿಚಾರ ಮಾಡತಕ್ಕವರಿಗೆ ಈ ಸಾಮ್ಯವು ಒಂದು ಪ್ರಶ್ನೆಯನ್ನು ಎತ್ತಿಕೊಡುವುದು: ಈ ಲೇಸಿನಿಂದ ಲೇಸಾಗುವುದು ಯಾರಿಗೆ?

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿರುವ ಹಾರೋಹಳ್ಳಿಯ ಸೀಮೆಗೆ ನೂಲು ಅಪರಿಚಿತವಾದುದಲ್ಲ. ಸುತ್ತಣ ಗ್ರಾಮಗಳಲ್ಲಿ ಹಿಪ್ಪುನೇರಳೆಯ ತೋಟಗಳು. ರಾಮನಗರದಲ್ಲಿ ರೇಷ್ಮೆಗೂಡಿನ ಹೆಸರಾಂತ ಮಾರುಕಟ್ಟೆ. ಇಂತಹ ಸೀಮೆಯ ಮನೆಗಳಲ್ಲಿ ಸ್ತ್ರೀಯರು ಕೊಕ್ಕೆಸೂಜಿಯಿಂದ ಲೇಸು ಹೆಣೆಯುವುದೂ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದೂ ಉಂಟು. ಕೆಲವರು ಮನೆಯ ಅಂದಕ್ಕಾಗಿ, ಕೆಲವರು ಕೂಲಿಗಾಗಿ. ವೈಶಾಖದ ಕೊನೆಗೆ ಮೋಡ ಕವಿದು, ಗಾಳಿ ನಿಂತು, ಮಳೆ ಮಾತ್ರ ಬಾರದಿರುವ ದಿನಗಳಲ್ಲಿ ಈ ಕೆಲಸದ ಕಷ್ಟವು ಚೆನ್ನಾಗಿ ತಿಳಿಯುವುದು. ಬೆವರಿದ ಬೆರಳಿಗೆ ನೂಲು ಅಂಟುವುದು. ಹೆಣಿಗೆಯ ಬಿಗಿ ಒಂದೇ ಸಮನಾಗಿ ನಿಲ್ಲದು. ಉಕ್ಕಿನ ಸೂಜಿ ಮಂಕಾಗುವುದು. ಬಿಳಿಯ ನೂಲು ಕಂದುವುದು. ಆದಕಾರಣ ಹೆಣೆಯುವಾಕೆ ಮತ್ತೆ ಮತ್ತೆ ಕೈತೊಳೆದು ಒರಸಿಕೊಂಡು, ಮಡಿಲಲ್ಲಿ ಶುಭ್ರವಾದ ಬಟ್ಟೆಯನ್ನು ಹಾಸಿ, ಮುಗಿದ ಭಾಗವನ್ನು ಅದರಲ್ಲಿ ಸುತ್ತಿಟ್ಟು, ಮುಂದಿನ ಸುತ್ತಿಗೆ ತೊಡಗಬೇಕು.

ಇದರಲ್ಲೊಂದು ವಿಚಿತ್ರವಿದೆ. ಹತ್ತಿ ಮತ್ತು ಅಗಸೆಯ ನೂಲು ತೇವದಲ್ಲಿ ಗಟ್ಟಿಯಾಗುವುದು. ಒಣಗಾಳಿಯಲ್ಲಿ ಬೇಗ ತುಂಡಾಗುವುದು. ಯೂರೋಪಿನ ಫ್ಲಾಂಡರ್ಸ್ ದೇಶದಲ್ಲಿ ಲೇಸಿಗೆ ಬೇಕಾದ ಅತಿ ಸೂಕ್ಷ್ಮವಾದ ಅಗಸೆನೂಲನ್ನು ಇದೇ ಕಾರಣದಿಂದ ತೇವವಾದ ನೆಲಮಾಳಿಗೆಗಳಲ್ಲಿ ನೂಲುತ್ತಿದ್ದರು. ನೂಲಿಗೆ ಹಿತವಾದ ತೇವವೇ ನೂಲುವ ದೇಹಕ್ಕೆ ಅಹಿತವಾಗಿತ್ತು. ಆ ನೂಲಿನ ಲೇಸು ಅರಸರ ಕೊರಳನ್ನು ಅಲಂಕರಿಸಿತು. ವೆನಿಸ್ ನಗರದವರು ತಮ್ಮ ಸೂಜಿಲೇಸಿಗೆ ‘ಗಾಳಿಯಲ್ಲಿಯ ಹೊಲಿಗೆ’ ಎಂಬ ಹೆಸರನ್ನಿಟ್ಟಿದ್ದರು. ೧೬೬೫ರಲ್ಲಿ ಫ್ರಾನ್ಸಿನ ಮಂತ್ರಿ ಕೋಲ್ಬೇರನು ಆ ವಿದ್ಯೆಯನ್ನು ತನ್ನ ದೇಶದಲ್ಲಿ ರಾಜಾಶ್ರಯ ಕೊಟ್ಟು ಬೆಳೆಸಿದನು.

ಗಾಳಿಯಲ್ಲಿಯ ಹೊಲಿಗೆ ಎಂಬುದು ಸುಂದರವಾದ ಮಾತು, ಆದರೆ ಅಪಾಯದ ಮಾತು. ಕುಂಬಾರನ ಮಡಕೆಯಲ್ಲಿ ಬೆರಳ ಗುರುತು ಕಾಣಬಹುದು. ಉತ್ತ ಹೊಲದಲ್ಲಿ ನೇಗಿಲ ಸಾಲು ಕಾಣುವುದು. ಲೇಸಿನಲ್ಲಿ ಮಾತ್ರ ಶ್ರಮದ ಗುರುತು ಕಂಡರೆ ಅದು ದೋಷವೆನಿಸುವುದು. ಬೆವರು ಕಾಣದಂತೆ ಮಾಡುವುದೇ ಅದರ ನೈಪುಣ್ಯ. ಹೀಗಾಗಿ ನೋಡುವವರು ಅಲ್ಲಿ ಶ್ರಮವೇ ಇಲ್ಲವೆಂದು ಭಾವಿಸುವುದು ಸುಲಭ. ‘ಇದು ಮನೆಯ ಹೆಂಗಸರು ಬಿಡುವಿನಲ್ಲಿ ಮಾಡುವ ವಿನೋದ; ಇದಕ್ಕೆ ಕೂಲಿಯ ಲೆಕ್ಕವೇಕೆ?’ ಎಂಬ ಪೂರ್ವಪಕ್ಷವು ಇಲ್ಲಿಂದಲೇ ಹುಟ್ಟುವುದು. ಗೋದಾವರಿ ಸೀಮೆಯ ನರಸಾಪುರದಲ್ಲಿ ೧೯ನೆಯ ಶತಮಾನದಲ್ಲಿ ಪಾದ್ರಿಗಳ ಮೂಲಕ ಬೇರೂರಿದ ಕೊಕ್ಕೆಲೇಸು ದೂರದೇಶಗಳಿಗೆ ಮಾರಾಟವಾಗುವಷ್ಟು ಬೆಳೆಯಿತು. ಆದರೂ ಹೆಣೆಯುವವರನ್ನು ಬಿಡುವಿನಲ್ಲಿ ಕುಳಿತ ಗೃಹಿಣಿಯರೆಂದು ಎಣಿಸಿ ಅತ್ಯಲ್ಪ ಕೂಲಿ ಕೊಡುತ್ತಿದ್ದುದನ್ನು ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ ೧೯೮೨ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾಳೆ. ೨೦೨೪ರಲ್ಲಿ ಆ ಲೇಸಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಊರಿನ ಹೆಸರಿಗೆ ರಕ್ಷಣೆ ದೊರೆತುದು ಸಂತೋಷವೇ; ಕೈಗೆ ದೊರೆಯತಕ್ಕದ್ದು ಬೇರೆಯ ವಿಚಾರ.

ಈ ಪೂರ್ವಪಕ್ಷಕ್ಕೆ ಸಮಾಧಾನವು ದೂರದಲ್ಲಿಲ್ಲ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೂತ್ರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳು ಹೇಳಲ್ಪಟ್ಟಿವೆ. ನೂಲಿನ ನಯ, ಒರಟು, ಮಧ್ಯಮಗಳನ್ನೂ ಪ್ರಮಾಣವನ್ನೂ ತಿಳಿದು ವೇತನವನ್ನು ಗೊತ್ತುಮಾಡಬೇಕು. ಪ್ರಮಾಣವನ್ನು ನೋಡಿ ಎಣ್ಣೆ ನೆಲ್ಲಿಕಾಯಿಗಳಿಂದ ನೂಲುವವರನ್ನು ಸತ್ಕರಿಸಬೇಕು. ಮನೆಯಿಂದ ಹೊರಬಾರದ ಸ್ತ್ರೀಯರಿಗೆ ದಾಸಿಯರ ಮೂಲಕ ಗೌರವದಿಂದ ಕೆಲಸ ಕಳುಹಿಸಬೇಕು. ನಸುಕಿನಲ್ಲಿ ನೂಲನ್ನು ತಂದವಳ ಮುಖವನ್ನು ದೀಪ ಹಿಡಿದು ನೋಡಿದರೆ ದಂಡ, ವೇತನವನ್ನು ತಡಮಾಡಿದರೂ ದಂಡ. ಇದು ಕಾರುಣ್ಯದ ಗ್ರಂಥವಲ್ಲ. ಕೂಲಿ ಪಡೆದು ಕೆಲಸ ಮಾಡದವಳಿಗೆ ಅದೇ ಅಧ್ಯಾಯದಲ್ಲಿ ಕ್ರೂರವಾದ ಶಿಕ್ಷೆಯುಂಟು. ಬೊಕ್ಕಸದ ಹಿತವನ್ನೇ ನೋಡಿದ ಆ ನಿಷ್ಠುರನಾದ ಶಾಸ್ತ್ರಕಾರನೂ ಮನೆಯೊಳಗೆ ಕುಳಿತವಳ ನೂಲನ್ನು ವಿನೋದವೆಂದು ತಳ್ಳಿಹಾಕಲಿಲ್ಲ.

‘ಫಲಾಪೇಕ್ಷೆಯಿಲ್ಲದ ಕರ್ಮವೇ ಶ್ರೇಷ್ಠವೆಂದು ಗೀತೆ ಬೋಧಿಸುವುದಲ್ಲವೆ?’ ಎಂದು ಮತ್ತೆ ಕೆಲವರು ಆಕ್ಷೇಪಿಸಬಹುದು. ಆ ಉಪದೇಶವು ಕರ್ಮವನ್ನು ಮಾಡುವವನಿಗೆ. ಮಾಡಿಸಿಕೊಂಡವನು ಅದನ್ನು ಆಧಾರವಾಗಿಟ್ಟುಕೊಂಡು ಫಲವನ್ನು ತನ್ನಲ್ಲೇ ಉಳಿಸಿಕೊಳ್ಳಬಹುದೆಂದು ಯಾವ ಆಚಾರ್ಯನೂ ವ್ಯಾಖ್ಯಾನ ಮಾಡಿಲ್ಲ. ತ್ಯಾಗವು ತಾನಾಗಿ ಕೊಟ್ಟಾಗ ಧರ್ಮ. ಪರರಿಂದ ಅಪೇಕ್ಷಿಸಿದಾಗ ಲೋಭದ ಮುಖವಾಡ.

ಇನ್ನು ಯಂತ್ರವಿರಲು ಕೈಯನ್ನೇಕೆ ದಣಿಸಬೇಕೆಂಬ ಪ್ರಶ್ನೆ. ಇಂಗ್ಲೆಂಡಿನ ಜಾನ್ ಹೀತ್‌ಕೋಟನು ಲೇಸಿನ ಜಾಲರಿಯನ್ನು ಹೆಣೆಯುವ ಯಂತ್ರವನ್ನು ಕಂಡುಹಿಡಿದು ಶತಮಾನಗಳೆರಡು ಕಳೆದಿವೆ; ೧೮೧೬ರಲ್ಲಿ ಲಫ್‌ಬರೊ ಊರಿನ ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಒಡೆದವರೂ ಇದ್ದರು. ಆದರೂ ಕೈಹೆಣಿಗೆ ಉಳಿದಿದೆ. ಮಾಡಬಲ್ಲವಳಿಗೆ ಅದರಲ್ಲಿ ಆನಂದವಿರುವುದೂ ನಿಜ. ಧಗೆಯಲ್ಲಿ ಬೆವರುವುದು ಅನ್ಯಾಯವಲ್ಲ, ಒಕ್ಕಲಿಗನೂ ಬೆವರುವನು. ಆ ಬೆವರು ಲೆಕ್ಕಕ್ಕೆ ಬಾರದಿರುವುದೇ ಅನ್ಯಾಯ.

ಆದಕಾರಣ ಲೇಸನ್ನು ಕೊಳ್ಳುವವರ ಮೇಲೆ ವಿಶೇಷವಾದ ಒಂದು ಹೊಣೆಯಿದೆ. ಮಾಡುವವಳು ತನ್ನ ಶ್ರಮವನ್ನು ಮರೆಮಾಡುವುದು ಕಲೆಯ ನಿಯಮ. ಅದನ್ನು ನೆನೆಯುವುದು ಪಡೆಯುವವರ ಧರ್ಮ. ಮದುವೆಯ ಸೀರೆಗೆ ಕುಚ್ಚು ಕಟ್ಟಿಸಿದ ಗೃಹಸ್ಥರು ಎಷ್ಟು ದಿನ ಹಿಡಿಯಿತೆಂದು ಒಂದು ಮಾತು ಕೇಳಲಿ. ಚೌಕಾಸಿಯನ್ನು ಬಿಟ್ಟು ಆ ದಿನವೇ ಹಣವನ್ನು ಕೊಡಲಿ. ಬಾಗಿಲ ತೋರಣವನ್ನು ಹೆಣೆದ ಮನೆಯ ಸೊಸೆಗೆ ಗಾಳಿಬೆಳಕುಗಳಿರುವ ಕಡೆ ಕುಳಿತುಕೊಳ್ಳಲು ಎಡೆಯಿರಲಿ, ಅಷ್ಟು ಹೊತ್ತು ಒಲೆಯ ಕಡೆ ಬೇರೊಬ್ಬರು ನೋಡಿಕೊಳ್ಳಲಿ. ಇಷ್ಟಾದರೆ ಒಂದು ಲೇಸು ಇನ್ನೊಂದು ಲೇಸಿಗೆ ಕಾರಣವಾಗುವುದು.