*ಇಂದಿನ ಚಿಂತನೆ: ಕೈಯಲ್ಲಿರುವಾಗಲೇ ಬಿಡುವುದು*

 



ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡಬಾರದು ಎಂಬ ಮಾತು ಕೇಳಿಯೇ ನಾವೆಲ್ಲ ಬೆಳೆದವರು. ಮಕ್ಕಳಿಗೂ ಅದನ್ನೇ ಹೇಳುತ್ತೇವೆ. ಓದಿಗೆ, ಒಕ್ಕಲುತನಕ್ಕೆ, ಸಂಸಾರಕ್ಕೆ ಆ ಮಾತು ಬೇಕು. ಆದರೆ ಬಿಡುವುದೇ ಸರಿ ಎನ್ನುವ ಹೊತ್ತೂ ಒಂದು ಇರುತ್ತದೆಯೇ? ಸೋತು ಕೈಚೆಲ್ಲುವ ಮಾತಲ್ಲ ಇದು. ಗೆಲುವು, ಹಣ, ಹೆಸರು ಎಲ್ಲವೂ ಕೈಗೆ ಬಂದಿರುವಾಗ ಬಿಡುವ ಮಾತು. ಇವತ್ತು ಈ ಪ್ರಶ್ನೆಯನ್ನು ದೂರದ ಒಬ್ಬ ಆಟಗಾರರ ಬದುಕಿನಿಂದ ನೋಡೋಣ.

ಅವರ ಹೆಸರು ಕ್ರಿಸ್ ಬೋರ್ಲ್ಯಾಂಡ್. ಆಡುತ್ತಿದ್ದುದು ಅಮೆರಿಕನ್ ಫುಟ್‌ಬಾಲ್. ಇದು ನಮ್ಮ ಶಾಲಾ ಮೈದಾನದ ಫುಟ್‌ಬಾಲ್ ಅಲ್ಲ. ಇದರಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎದುರಿನವರು ಮೈಮೇಲೆ ಬಿದ್ದು ಕೆಡವುತ್ತಾರೆ. ಒಂದೊಂದು ಕಡೆ 11 ಜನ. ತಡೆಯುವ ತಂಡದವರು ಮುಂದೆ ಒಂದು ಸಾಲು ಗೋಡೆಯ ಹಾಗೆ ನಿಲ್ಲುತ್ತಾರೆ. ಆ ಸಾಲಿನ ಬೆನ್ನ ಹಿಂದೆ ನಿಲ್ಲುವವರೇ ಲೈನ್‌ಬ್ಯಾಕರ್. ಗೋಡೆ ದಾಟಿ ನುಗ್ಗಿ ಬಂದವನನ್ನು ನೆಲಕ್ಕೆ ಕೆಡವುವುದು ಅವರ ಕೆಲಸ. ಕಬಡ್ಡಿಯಲ್ಲಿ ರೇಡರ್‌ನ ಕಾಲಿಗಾಗಿ ಮೂಲೆಯಲ್ಲಿ ಕಾದು ನಿಲ್ಲುವವನನ್ನು ನೆನಪಿಸಿಕೊಳ್ಳಿ. ಆದರೆ ಇಲ್ಲಿ ನೂರು ಕಿಲೋ ಆಜುಬಾಜಿನ ಇಬ್ಬರು ಎದುರುಬದುರು ಓಡಿ ಬಂದು ಡಿಕ್ಕಿ ಹೊಡೆಯುತ್ತಾರೆ, ಅದೂ ಒಂದೇ ಪಂದ್ಯದಲ್ಲಿ ಮತ್ತೆ ಮತ್ತೆ.

ಬೋರ್ಲ್ಯಾಂಡ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತ ಆಡಿ ಹೆಸರು ಮಾಡಿದವರು. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಾರ್ಟಿನೈನರ್ಸ್ ತಂಡ ಅವರನ್ನು ಆರಿಸಿಕೊಂಡಿತು. ಹಿರಿಯರು ಗಾಯಗೊಂಡಾಗ ಅವರ ಜಾಗದಲ್ಲಿ ನಿಂತು, ಮೊದಲ ವರ್ಷವೇ ನೂರಕ್ಕೂ ಹೆಚ್ಚು ಸಲ ಎದುರಾಳಿಗಳನ್ನು ಕೆಡವಿದರು. ನಾಲ್ಕು ವರ್ಷಗಳ ಒಪ್ಪಂದ, ಸುಮಾರು 29 ಲಕ್ಷ ಡಾಲರ್ ಮೊತ್ತ. ಮುಂದಿನ ತಾರೆ ಇವರೇ ಎಂದು ಎಲ್ಲರೂ ಮಾತಾಡುತ್ತಿದ್ದರು.

2015ರ ಮಾರ್ಚ್‌ನಲ್ಲಿ ಅವರು ಆಟ ಬಿಟ್ಟರು. ವಯಸ್ಸು 24. ಕಾಲು ಮುರಿದಿರಲಿಲ್ಲ, ತಂಡ ಹೊರಗೆ ಹಾಕಿರಲಿಲ್ಲ.

ಕಾರಣ ತಲೆಗೆ ಸಂಬಂಧಿಸಿದ್ದು. ಆ ವರ್ಷದ ತರಬೇತಿಯಲ್ಲೇ ತಲೆಗೆ ಒಂದು ಪೆಟ್ಟು ಬಿದ್ದಿತ್ತು. ತಂಡದಲ್ಲಿ ಜಾಗ ಸಿಗಬೇಕಲ್ಲ, ಹಾಗಾಗಿ ಯಾರಿಗೂ ಹೇಳದೆ ಆಡುತ್ತ ಹೋದರು. ಆದರೆ ಒಂದು ಪ್ರಶ್ನೆ ಅವರನ್ನು ಬಿಡಲಿಲ್ಲ. ಇದೇ ರೀತಿ ಎಷ್ಟು ವರ್ಷ? ಕೊನೆಗೆ ನನ್ನ ಮಿದುಳಿನ ಗತಿ ಏನು? ಅವರು ಸಂಶೋಧನೆಗಳನ್ನು ಓದಿದರು, ತಜ್ಞರನ್ನು ಕೇಳಿದರು, ಹಿಂದೆ ಆಡಿದವರ ಜೊತೆ ಮಾತಾಡಿದರು.

ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆ. ಒಳಗಿನ ಮಿದುಳು ಅಲುಗದಂತೆ ಕಾಯಲಾರದು. ಡಬ್ಬಿಯಲ್ಲಿ ಮೊಸರು ಹಾಕಿ, ಮುಚ್ಚಳ ಬಿಗಿದು ಅಲುಗಾಡಿಸಿ ನೋಡಿ. ಡಬ್ಬಿಗೆ ಏನೂ ಆಗದು, ಮೊಸರು ಒಡೆಯುತ್ತದೆ. ವರ್ಷಗಟ್ಟಲೆ ಪೆಟ್ಟು ತಿಂದ ಮಿದುಳಿನಲ್ಲಿ ಸಿಟಿಇ ಎಂಬ ಕಾಯಿಲೆ ಬೆಳೆಯಬಹುದು. ಮರೆವು, ಸಿಟ್ಟು, ಖಿನ್ನತೆ ಅದರ ಜೊತೆ ಬರುತ್ತವೆ. ಬದುಕಿರುವವರಲ್ಲಿ ಅದನ್ನು ಖಚಿತವಾಗಿ ಪತ್ತೆ ಮಾಡಲು ಆಗುವುದಿಲ್ಲ. ಸತ್ತ ಮೇಲೆ ಮಿದುಳನ್ನು ಪರೀಕ್ಷಿಸಿಯೇ ತಿಳಿಯಬೇಕು. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ದಾನವಾಗಿ ಬಂದ 111 ವೃತ್ತಿಪರ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಈ ಕಾಯಿಲೆ ಕಂಡಿತು. ಅನುಮಾನ ಇದ್ದವರ ಮನೆಯವರೇ ಹೆಚ್ಚಾಗಿ ದಾನ ಮಾಡಿರುತ್ತಾರೆ, ಆದ್ದರಿಂದ ಎಲ್ಲ ಆಟಗಾರರಿಗೂ ಇದೇ ಲೆಕ್ಕ ಹಾಕಲಾಗದು. ಆದರೂ ಆ ಸಂಖ್ಯೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ.

ಜೂನಿಯರ್ ಸೇಯಾವ್ ಎಂಬ ಇನ್ನೊಬ್ಬ ಲೈನ್‌ಬ್ಯಾಕರ್ ಇದ್ದರು. 20 ವರ್ಷ ಆಡಿದರು, ದೇಶವೇ ಮೆಚ್ಚಿತು. ಆಟ ಬಿಟ್ಟ ಕೆಲವೇ ವರ್ಷಗಳಲ್ಲಿ, 2012ರಲ್ಲಿ, 43ನೇ ವಯಸ್ಸಿಗೆ ತಮ್ಮ ಪ್ರಾಣ ತಾವೇ ತೆಗೆದುಕೊಂಡರು. ಪರೀಕ್ಷೆಯಲ್ಲಿ ಅವರ ಮಿದುಳಿನಲ್ಲೂ ಸಿಟಿಇ ಕಂಡಿತು. ನಮ್ಮ ಗುಂಪಿನಲ್ಲಿ ಹಲವರ ವಯಸ್ಸು ಅಷ್ಟೇ ಇದೆ, ಯೋಚಿಸಿ.

ಬೋರ್ಲ್ಯಾಂಡ್ ಬಿಡುವಾಗ ಇನ್ನೊಂದು ಕೆಲಸ ಮಾಡಿದರು. ಒಪ್ಪಂದಕ್ಕೆ ಸಹಿ ಹಾಕಿದಾಗ ಸಿಕ್ಕಿದ್ದ ಆರು ಲಕ್ಷ ಡಾಲರ್‌ಗೂ ಮೀರಿದ ಹಣದಲ್ಲಿ, ಆಡದ ಮೂರು ವರ್ಷಗಳ ಪಾಲನ್ನು, ಎಂದರೆ ಮುಕ್ಕಾಲು ಭಾಗವನ್ನು, ಹಿಂದಿರುಗಿಸಲು ಒಪ್ಪಿದರು. ಅದೇ ತಿಂಗಳು ಅದೇ ತಂಡದ ಹಿರಿಯ ಲೈನ್‌ಬ್ಯಾಕರ್ ಪ್ಯಾಟ್ರಿಕ್ ವಿಲ್ಲಿಸ್ ಕೂಡ 30ನೇ ವಯಸ್ಸಿಗೆ ನಿವೃತ್ತರಾದರು. ಅವರ ಪಾದಗಳು ಇನ್ನು ಸಾಕು ಎಂದಿದ್ದವು. ಒಬ್ಬರು ದೇಹ ಹೇಳಿದ ಮೇಲೆ ಬಿಟ್ಟರು, ಇನ್ನೊಬ್ಬರು ದೇಹ ಹೇಳುವ ಮೊದಲೇ ಬಿಟ್ಟರು. ಮೊದಲನೆಯದು ಎಲ್ಲರಿಗೂ ಅರ್ಥವಾಗುತ್ತದೆ. ಎರಡನೆಯದಕ್ಕೆ ಜನ ಹುಬ್ಬೇರಿಸುತ್ತಾರೆ.

ಹೆದರಿ ಓಡಿಹೋದರು ಅನ್ನೋಣವೇ? ಹೆದರಿದವನು ಕೈಯಲ್ಲಿರುವುದನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತಾನೆ. ಜಾಗ ಹೋದೀತು, ಹೆಸರು ಹೋದೀತು ಎಂಬ ಭಯವೇ ಆ ಪೆಟ್ಟನ್ನು ಮುಚ್ಚಿಡಿಸಿದ್ದು. ಆ ಭಯ ಹೋದ ಮೇಲೆಯೇ ಅವರು ಬಿಟ್ಟರು. ಇದಕ್ಕಿಂತ ದೊಡ್ಡ ವಿಷಯ ಒಂದಿದೆ. ಬಿಟ್ಟದ್ದರಿಂದ ಲಾಭವಾಗುತ್ತದೆ ಎಂಬ ಖಾತ್ರಿ ಅವರಿಗೆ ಇರಲಿಲ್ಲ. ಅಷ್ಟರೊಳಗೆ ಬಿದ್ದ ಪೆಟ್ಟುಗಳು ಏನು ಮಾಡಿವೆಯೋ ಗೊತ್ತಿಲ್ಲ. ಹತ್ತು ವರ್ಷ ಆಡಿದ್ದರೂ ಏನೂ ಆಗದೆ ಇರಬಹುದಿತ್ತು. ಖಾತ್ರಿಗಾಗಿ ಕಾಯುತ್ತ ಕೂತವನು ಯಾವುದನ್ನೂ ಬಿಡಲಾರ, ಏಕೆಂದರೆ ಖಾತ್ರಿ ಬರುವ ಹೊತ್ತಿಗೆ ಬಿಡಲು ಏನೂ ಉಳಿದಿರುವುದಿಲ್ಲ.

ಮಜ್ಝಿಮ ನಿಕಾಯದ ತೆಪ್ಪದ ಉಪಮೆ ನಿಮಗೆಲ್ಲ ಗೊತ್ತು. ಹೊಳೆ ದಾಟಿದವನು ಇಷ್ಟು ಉಪಕಾರ ಮಾಡಿದ್ದಲ್ಲ ಎಂದು ತೆಪ್ಪವನ್ನು ತಲೆಯ ಮೇಲೆ ಹೊತ್ತು ನಡೆದರೆ ಅದು ಉಪಕಾರ ಸ್ಮರಣೆಯಲ್ಲ. ಬೋರ್ಲ್ಯಾಂಡ್‌ಗೆ ಆಟ ಶಿಸ್ತು ಕೊಟ್ಟಿತು, ಗೆಳೆಯರನ್ನು ಕೊಟ್ಟಿತು, ಒಂದು ದಡ ಮುಟ್ಟಿಸಿತು. ಆಟವನ್ನು ಅವರು ಬಯ್ಯಲಿಲ್ಲ. ದಡದಲ್ಲಿ ಬಿಟ್ಟು ಮುಂದೆ ನಡೆದರು. ಮುಂದೆ ಮಾಜಿ ಆಟಗಾರರಿಗೆ ಧ್ಯಾನದ ಅಭ್ಯಾಸವನ್ನು ತಲುಪಿಸುವ ಕೆಲಸದಲ್ಲಿ ತೊಡಗಿದರು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಕತೆಯಾಗುತ್ತದೆ, ಆದರೆ ಅರ್ಧ ಸತ್ಯ ಉಳಿದುಬಿಡುತ್ತದೆ.

ಹುಮನಾಬಾದದ ಮಾರ್ಕೆಟ್‌ನಲ್ಲಿ ತೊಗರಿ, ಸೋಯಾ ಚೀಲ ಹೊರುವ ಹಮಾಲಿ ಅಣ್ಣಂದಿರನ್ನು ನೋಡಿ. ಸುಗ್ಗಿಯ ದಿನಗಳಲ್ಲಿ ಲಾರಿಗೂ ಗೋದಾಮಿಗೂ ನಡುವೆ ಎಷ್ಟು ಸಲ ಓಡಾಡುತ್ತಾರೋ ಅವರಿಗೇ ಲೆಕ್ಕ ಇರುವುದಿಲ್ಲ. ಕಬ್ಬು ಕಡಿಯುವ ಅಕ್ಕಂದಿರ ಸೊಂಟ ಕೇಳಿ ನೋಡಿ. ತಮ್ಮ ದೇಹ ಸವೆಯುತ್ತಿದೆ ಎಂಬುದು ಅವರಿಗೆ ಗೊತ್ತಿಲ್ಲವೇ? ಯಾವ ಅಧ್ಯಯನವೂ ಬೇಡ, ರಾತ್ರಿ ಮಲಗುವಾಗ ಮೈಯೇ ಹೇಳುತ್ತದೆ. ಆದರೆ ಅವರು ನಾಳೆಯಿಂದ ಬಿಡುತ್ತೇನೆ ಎನ್ನುವ ಹಾಗಿಲ್ಲ. ಬೋರ್ಲ್ಯಾಂಡ್ ಹತ್ತಿರ ಪದವಿ ಇತ್ತು, ಒಂದು ವರ್ಷದ ಗಳಿಕೆ ಇತ್ತು, ಬೇರೆ ದಾರಿ ಇತ್ತು. ತ್ಯಾಗ ಮಾಡಲಿಕ್ಕೂ ಕಾಲ ಕೆಳಗೆ ನೆಲ ಬೇಕು. ಆ ನೆಲ ಇಲ್ಲದವರಿಗೆ ಆಸಕ್ತಿ ಬಿಡಿ ಎಂದು ಬೋಧಿಸುವುದು ಕರುಣೆಯಲ್ಲ.

ಆದ್ದರಿಂದಲೇ ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ ದುಡಿಯುವವರಿಗೆ ಧೈರ್ಯದ ಉಪದೇಶ ಮಾಡಲಿಲ್ಲ. ಕಾನೂನಿನ ರಕ್ಷಣೆಗಾಗಿ ಕೆಲಸ ಮಾಡಿದರು. ಒಬ್ಬನ ದೇಹ ಉಳಿಯುವುದು ಅವನೊಬ್ಬನ ಧೈರ್ಯದ ಮೇಲೆ ನಿಂತಿರಬಾರದು. ಅಮೆರಿಕದಲ್ಲೂ ಕಡೆಗೆ ಆದದ್ದು ಅದೇ. ಸಾವಿರಾರು ಮಾಜಿ ಆಟಗಾರರು ಕೋರ್ಟಿಗೆ ಹೋದ ಮೇಲೆಯೇ ದೊಡ್ಡ ಪರಿಹಾರದ ಒಪ್ಪಂದವಾಯಿತು.

ನಾವು ಆಟಗಾರರೂ ಅಲ್ಲ, ಹಮಾಲಿಗಳೂ ಅಲ್ಲ, ನಮಗೇನು ಸಂಬಂಧ ಎನ್ನಬೇಡಿ. ನಾವು ನೋಡುವವರು, ಚಪ್ಪಾಳೆ ಹೊಡೆಯುವವರು, ಚೀಲ ಹೊರಿಸುವವರು. ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ಹುಡುಗ ತಲೆ ತಾಗಿ ಬಿದ್ದು, ಕಣ್ಣು ಮಂಜಾಗಿ ಎದ್ದರೆ, ಸುತ್ತ ನಿಂತ ದೊಡ್ಡವರು "ಏನಾಗಲ್ಲ ತಮ್ಮಾ, ಆಡು" ಅಂತಾರೆ. ಹುಡುಗ ಆಡುತ್ತಾನೆ, ಎಲ್ಲರೂ ಕೂಗುತ್ತಾರೆ. ಅವನು ಇಲ್ಲ ಎನ್ನಲಾರದ ಹಾಗೆ ಮಾಡಿದ್ದು ಆ ಕೂಗು. ತಲೆಗೆ ಪೆಟ್ಟು ಬಿದ್ದ ಮಗುವನ್ನು ಆ ದಿನ ಮತ್ತೆ ಮೈದಾನಕ್ಕೆ ಇಳಿಸಬಾರದು, ಡಾಕ್ಟರಿಗೆ ತೋರಿಸಬೇಕು. ಪಂದ್ಯ ಹೋದರೆ ಹೋಗಲಿ. ಬಿಡುವ ಧೈರ್ಯ ಇನ್ನೊಬ್ಬರಲ್ಲಿ ಬೆಳೆಯಬೇಕಾದರೆ, ಬಿಟ್ಟವರನ್ನು ಹೇಡಿ ಎನ್ನದ ಜನ ಸುತ್ತ ಇರಬೇಕು. ಅಂಥ ಜನ ಆಗುವುದು ನಮ್ಮ ಕೈಯಲ್ಲಿದೆ.

*ಇಂದಿನ ಅಭ್ಯಾಸಕ್ಕೆ ಎರಡು ಪ್ರಶ್ನೆ:*

1. ಕಳೆದುಕೊಳ್ಳುವ ಭಯದಿಂದಲೇ ನಾನು ಹಿಡಿದುಕೊಂಡಿರುವುದು ಯಾವುದು?

2. ನನ್ನ ಸಂತೋಷಕ್ಕೆ, ನನ್ನ ಅನುಕೂಲಕ್ಕೆ ಯಾರ ದೇಹ ಸವೆಯುತ್ತಿದೆ? ಅವರ ಭಾರ ಸ್ವಲ್ಪ ಇಳಿಸಲು ಇವತ್ತು ನಾನು ಏನು ಮಾಡಬಲ್ಲೆ?

ಹತ್ತು ನಿಮಿಷ ಸುಮ್ಮನೆ ಕೂತು ಯೋಚಿಸಿ. ಉತ್ತರವನ್ನು ಗುಂಪಿನಲ್ಲಿ ಹಾಕಲೇಬೇಕೆಂದಿಲ್ಲ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಎಲ್ಲರಿಗೂ ಮಂಗಳವಾಗಲಿ 🙏
ದುಬಲಗುಂಡಿ