ಇಂದಿನ ಧಮ್ಮಚಿಂತನೆ: ಹಿಡಿತ



ಕಿತ್ತೂರಿನಿಂದ ದೇಗಾಂವದ ಕಮಲನಾರಾಯಣ ಗುಡಿಗೆ ಬೈಕಿನಲ್ಲಿ ಹೊರಟಿದ್ದೆವು. ಡಾಂಬರು ಬಿಟ್ಟು ಹೊಲದ ದಾರಿ ಹಿಡಿದದ್ದು ನನ್ನ ಹಟ. "ಬ್ಯಾಡ್ರಿ, ರಾತ್ರಿ ಮಳಿ ಆಗೇತಿ" ಎಂದಳು ಹೆಂಡತಿ. ಗಾಲಿಗೆ ಎರೆಮಣ್ಣು ಮೆತ್ತಿತು. ಹ್ಯಾಂಡಲ್ ಇನ್ನಷ್ಟು ಬಿಗಿ ಹಿಡಿದೆ, ಇಬ್ಬರೂ ಬಿದ್ದೆವು. ಅವಳ ಮೊಣಕೈಯಿಂದ ರಕ್ತ ಬರುತ್ತಿತ್ತು. ನಾನು ದಾರಿಯನ್ನು ಬೈಯುತ್ತಿದ್ದೆ.

"ಕೈ ಸ್ವಲ್ಪ ಸಡ್ಲ ಬಿಡ್ರಿ, ಸಾವಕಾಶ ಹೋಗ್ರಿ" ಎಂದಳು. ಹಾಗೇ ಮಾಡಿದೆ. ಬೈಕು ನೆಟ್ಟಗೆ ಸಾಗಿತು.

ವೀಣೆಯ ತಂತಿ ಅತಿ ಬಿಗಿಯೂ ಇರಬಾರದು, ಅತಿ ಸಡಿಲವೂ ಇರಬಾರದು ಎಂದು ಭಗವಾನ್ ಬುದ್ಧರು ಭಿಕ್ಖು ಸೋಣನಿಗೆ ತಿಳಿಸಿದ್ದು ಆ ಕೆಸರಿನಲ್ಲಿ ಅರ್ಥವಾಯಿತು. ಬಿಗಿ ಹಿಡಿದದ್ದು ಹ್ಯಾಂಡಲ್ ಒಂದೇ ಅಲ್ಲ, ನನ್ನ ಮಾತನ್ನೂ ಕೂಡ.

12ನೇ ಶತಮಾನದಲ್ಲಿ ಕದಂಬ ರಾಣಿ ಕಮಲಾದೇವಿ ಕಟ್ಟಿಸಿದ ಆ ಗುಡಿಯ ಮುಂದೆ ಅವಳ ಗಾಯ ತೊಳೆದು, ತಪ್ಪಾಯಿತು ಎಂದೆ.

ಇಂದು ನಾವು ಏನನ್ನು ಬಿಗಿ ಹಿಡಿದಿದ್ದೇವೆ? ನೋಡಿಕೊಳ್ಳೋಣ.