ಪತ್ತು, ಹೊಣೆ ಮತ್ತು ಕ್ರೆಡಿಟ್ ಕಾರ್ಡು

ಸಾಲ ಮಾಡುವುದು ತಪ್ಪೆ? ಸದ್ಭಕ್ತರೆ, ಈ ಪ್ರಶ್ನೆಗೆ ಹೌದೆಂದು ಒಮ್ಮೆಲೇ ಉತ್ತರಿಸಿಬಿಡುವುದು ಸುಲಭ. ಆದರೆ ಅದು ನ್ಯಾಯವಾಗಲಾರದು. ಕಂಪ್ಲಿಯ ಭತ್ತದ ರೈತನಿಗೆ ಹಣ ಬೇಕಾಗುವುದು ನಾಟಿಯ ಕಾಲದಲ್ಲಿ, ಫಲ ಕೈಸೇರುವುದು ಸುಗ್ಗಿಯಲ್ಲಿ. ಈ ನಡುವಿನ ಅಂತರವನ್ನು ದಾಟಿಸುವುದೇ ಸಾಲದ ಧರ್ಮ. ವಿಚಾರಿಸಬೇಕಾದುದು ಬೇರೆಯೇ ಇದೆ: ಸಾಲ ಕೊಡುವವನ ಮುಖವೇ ಕಾಣದಿರುವಾಗ, ನಮ್ಮ ಕೈಯನ್ನು ತಡೆಯುವವರು ಯಾರು?

ಹಿಂದೆ ನಮ್ಮ ಊರುಗಳಲ್ಲಿ ಉದ್ರಿ ವ್ಯವಹಾರವು ಮುಖಪರಿಚಯದ ಮೇಲೆ ನಡೆಯುತ್ತಿತ್ತು. ಲೆಕ್ಕ ಮೀರಿದಾಗ ಅಂಗಡಿಯವನೇ ಎಚ್ಚರಿಸುತ್ತಿದ್ದನು. ಆದರೆ ಆ ಕಾಲವನ್ನು ಹೊಗಳುವಾಗ, ಸಾಹುಕಾರನ ಬಾಗಿಲಲ್ಲಿ ಕೈಕಟ್ಟಿ ನಿಂತವರನ್ನೂ ಬಡ್ಡಿಗಾಗಿ ಹೊಲ ಕಳೆದುಕೊಂಡವರನ್ನೂ ಮರೆಯಲಾಗದು. ಈ ಸಂಕಟದಿಂದ ರೈತನನ್ನು ಬಿಡಿಸಲೆಂದೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಪತ್ತು ಎಂದರೆ ನಂಬುಗೆ. ಅಲ್ಲಿ ನಂಬುಗೆಯೂ ಹೊಣೆಯೂ ಊರಿನವರದೇ ಆಗಿದ್ದಿತು.

ಕ್ರೆಡಿಟ್ ಕಾರ್ಡು ಹುಟ್ಟಿದ ಬಗೆ ಬೇರೆ. 1950ರಲ್ಲಿ ನ್ಯೂಯಾರ್ಕಿನ ಡೈನರ್ಸ್ ಕ್ಲಬ್ಬು ಹೋಟೆಲಿನ ಊಟದ ಹಣವನ್ನು ತಿಂಗಳ ಕೊನೆಗೆ ಒಟ್ಟಾಗಿ ತೀರಿಸುವ ಕಾರ್ಡನ್ನು ತಂದಿತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ, ಕ್ಯಾಲಿಫೋರ್ನಿಯದ ಫ್ರೆಸ್ನೊ ನಗರದಲ್ಲಿ ಸುಮಾರು 60,000 ಕಾರ್ಡುಗಳನ್ನು ಯಾರೂ ಕೇಳದೆಯೇ ಅಂಚೆಯಲ್ಲಿ ಹಂಚಿತು. ಬಾಕಿಯನ್ನು ಬಡ್ಡಿಯೊಡನೆ ಮುಂದಕ್ಕೆ ದೂಡುವ ಅನುಕೂಲವನ್ನೂ ಕಲ್ಪಿಸಿತು. ಸಾಲಗಾರನು ಸಾಲವನ್ನು ಹುಡುಕಿಕೊಂಡು ಹೋಗುತ್ತಿದ್ದ ಲೋಕದಲ್ಲಿ, ಸಾಲವೇ ಸಾಲಗಾರನನ್ನು ಹುಡುಕಿಕೊಂಡು ಬಂದಿತು. ಭಾರತದ ಬ್ಯಾಂಕುಗಳಲ್ಲಿ ಈ ಪದ್ಧತಿ 1980ರ ದಶಕದಲ್ಲಿ ಮೊದಲಾಯಿತು.

1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡು ಹೆಸರಿನಲ್ಲಿ ಇದಕ್ಕೆ ಸಹೋದರ, ಸ್ವಭಾವದಲ್ಲಿ ಅಲ್ಲ. ಅಲ್ಲಿ ಸಾಲದ ಅಳತೆಗೆ ಹೊಲವೂ ಬೆಳೆಯೂ ಆಧಾರ. ಮರುಪಾವತಿಗೆ ಸುಗ್ಗಿಯೇ ಗಡುವು. ಇಲ್ಲಿಯಾದರೋ ಗಡುವು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಪೂರ್ತಿ ತೀರಿಸಿದವನಿಗೆ ಬಡ್ಡಿಯಿಲ್ಲ. ತೀರಿಸದವನ ಪಾಡನ್ನು ನೀವೇ ಲೆಕ್ಕ ಹಾಕಿರಿ: 10,000 ರೂಪಾಯಿ ಬಾಕಿಗೆ ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ 350 ರೂಪಾಯಿ. 500 ಮಾತ್ರ ಕಟ್ಟಿದರೆ, ತೆರಿಗೆಯನ್ನು ಬಿಟ್ಟರೂ, ಅಸಲು ತಗ್ಗುವುದು ಕೇವಲ 150.

ಹಾಗಾದರೆ ಸಕಾಲಕ್ಕೆ ತೀರಿಸುವವನು ನಿರ್ದೋಷಿಯೆ? ತಾನು ಯಾರಿಗೂ ಬಾಕಿಯಿಲ್ಲವೆಂದು ಅವನು ಹೆಮ್ಮೆಪಡಬಹುದು. ಆದರೆ ಅವನಿಗೆ ದೊರೆಯುವ ಬಹುಮಾನ, ರಿಯಾಯಿತಿಗಳು ಆಕಾಶದಿಂದ ಉದುರಿದವಲ್ಲ. ಅದರ ಒಂದಂಶ ಅಂಗಡಿಯವನು ತೆರುವ ಶುಲ್ಕ. ಇನ್ನೊಂದಂಶ ತೀರಿಸಲಾಗದವನು ತೆರುವ ಬಡ್ಡಿ. ಒಬ್ಬನ ಸೌಕರ್ಯದಲ್ಲಿ ಇನ್ನೊಬ್ಬನ ಬೆವರು ಸೇರಿದೆಯೆಂಬ ಅರಿವಾದರೂ ನಮಗೆ ಬೇಡವೆ?

ಕಾರ್ಡನ್ನು ಮುರಿದೆಸೆಯಿರೆಂದು ಇಲ್ಲಿ ಉಪದೇಶಿಸುತ್ತಿಲ್ಲ. ನಡುರಾತ್ರಿ ಹೊಸಪೇಟೆಯ ಆಸ್ಪತ್ರೆಗೆ ಓಡಬೇಕಾದವನಿಗೆ ಅದು ಯಾರ ಮುಂದೆಯೂ ತಲೆತಗ್ಗಿಸದಂತೆ ಮಾಡುವ ಆಸರೆ. ಆದರೆ ಹೊರಗಿನ ತಡೆ ಹೋದಲ್ಲಿ ಒಳಗಿನ ತಡೆ ಹುಟ್ಟಲೇಬೇಕು. ಸಂಡೂರಿನ ಗಣಿಯಲ್ಲಿ ದುಡಿಯುವ ತರುಣನಿಗೆ ಮೊದಲ ಕಾರ್ಡು ಬಂದಾಗ, ಮನೆಯ ಹಿರಿಯರು ಬೈಯುವ ಬದಲು ಅವನೊಡನೆ ಕುಳಿತು ಆ ಬಿಲ್ಲನ್ನು ಒಮ್ಮೆ ಓದಲಿ. ಕೊಳ್ಳುವ ಮುನ್ನ ಪ್ರತಿಯೊಬ್ಬರೂ ಕೇಳಿಕೊಳ್ಳಲಿ: ಇದನ್ನು ನನ್ನ ಯಾವ ತಿಂಗಳ ಕಾಯಕ ತೀರಿಸುವುದು? ಉತ್ತರ ಸ್ಪಷ್ಟವಿದ್ದರೆ ಅದು ಪತ್ತು. ಇಲ್ಲದಿದ್ದರೆ ಅದು ಬರಿಯ ಸಾಲ.